ಬರೀ ಹೆಸರಿಗೆ ಮೇಡಂ

ನಿನ್ನೆ ನನಗೆ ನಾನೇ ಒಂದು ನೋಟಿಸ್ ಕೊಟ್ಟುಕೊಂಡೆ. ಕೊಟ್ಟು, ಓದಿ, ಕೆಳಗೆ 'ಓದಿದ್ದೇನೆ' ಎಂದು ಬರೆದು ಸಹಿಯನ್ನೂ ಹಾಕಿದೆ. ತಲೆ ಕೆಟ್ಟಿಲ್ಲ, ಅಥವಾ ಇನ್ನೂ ಪೂರ್ತಿ ಕೆಟ್ಟಿಲ್ಲ. ನಾನು ನಮ್ಮ ಶಾಲೆಯ ಗಣಿತ ವಿಷಯ ಸಂಯೋಜಕಿ, ಅಷ್ಟೆ.

ಶುರುವಾದದ್ದು ಜೂನ್ ತಿಂಗಳಲ್ಲಿ. ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಹೆಡ್‌ಮೇಷ್ಟ್ರು ತಾವೇ ಟೀ ಲೋಟ ಹಿಡಿದು ಬಂದು ಪಕ್ಕದ ಕುರ್ಚಿ ಎಳೆದುಕೊಂಡರು. ಅವರು ತಂದ ಟೀ ಕುಡಿಯಬಾರದು ಎಂಬಷ್ಟು ಬುದ್ಧಿ ಹನ್ನೊಂದು ವರ್ಷದ ಸರ್ವೀಸಿನಲ್ಲಿ ಬಂದಿರಬೇಕಿತ್ತು. ಕುಡಿದೆ.

"ಮೇಡಂ, ವಿಷಯಕ್ಕೊಬ್ಬರು ಸಂಯೋಜಕರು ಇರಬೇಕಂತೆ. ಗಣಿತಕ್ಕೆ ನಿಮ್ಮ ಹೆಸರು ಬರ್ಕೊಂಡಿದೀನಿ. ಕೆಲಸ ಏನಿಲ್ಲ. ಬರೀ ಹೆಸರಿಗೆ."

ಈ 'ಬರೀ ಹೆಸರಿಗೆ' ಎಂಬ ಮಾತಿಗೆ ನಾನು ಹೆದರುವಷ್ಟು ತಾಲೂಕಿನ ಶಿಕ್ಷಣಾಧಿಕಾರಿ ಬಿಇಓ ಜೀಪಿಗೂ ಹೆದರುವುದಿಲ್ಲ. ಮಕ್ಕಳ ವಿವರವನ್ನೆಲ್ಲ ಆನ್‌ಲೈನಿನಲ್ಲಿ ತುಂಬುವ ಎಸ್‌ಎಟಿಎಸ್ ಎಂಟ್ರಿ ನನ್ನ ತಲೆಗೆ ಬಂದದ್ದು ಬರೀ ಹೆಸರಿಗೆ. ಇಕೋ ಕ್ಲಬ್ ಬರೀ ಹೆಸರಿಗೆ. ಪ್ರತಿಭಾ ಕಾರಂಜಿಗೆ ಮೂವತ್ತು ಮಕ್ಕಳನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗಿ, ಛದ್ಮವೇಷದ ಗಾಂಧಿ ದಾರಿಯಲ್ಲಿ ವಾಂತಿ ಮಾಡಿಕೊಂಡಾಗ ಪಂಚೆ ಒಗೆದದ್ದೂ ಬರೀ ಹೆಸರಿಗೇ. ಒಂದು ವರ್ಷ ಹೀಗೇ ಬರೀ ಹೆಸರಿಗೆ ಬಿಎಲ್ಓ ಆಗಿ, ಮತದಾರರ ಪಟ್ಟಿ ಹಿಡಿದು ತೆಂಗಿನ ತೋಟಗಳಲ್ಲಿ ಅಲೆದೆ. ಒಂದು ತೋಟದ ನಾಯಿ ಬೇಲಿಯವರೆಗೂ ಅಟ್ಟಿಸಿಕೊಂಡು ಬಂತು. ನಾನು ಬರೀ ಹೆಸರಿಗೆ ಬಂದವಳು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ. ಏಳು ತರಗತಿ, ನಾಲ್ಕು ಜನ ಶಿಕ್ಷಕರು. ಒಂದರಿಂದ ಮೂರು ನಲಿಕಲಿ, ಅಂದರೆ ಆಡುತ್ತಾ ಒಟ್ಟಿಗೇ ಕಲಿಯುವ ತರಗತಿ, ಅದಕ್ಕೊಬ್ಬ ಮೇಡಂ. ಕನ್ನಡ, ಸಮಾಜ ಹೆಡ್‌ಮೇಷ್ಟ್ರದ್ದು. ಇಂಗ್ಲಿಷಿಗೊಬ್ಬ ಮೇಷ್ಟ್ರು. ನಾಲ್ಕರಿಂದ ಏಳರವರೆಗೆ ಗಣಿತ, ವಿಜ್ಞಾನ ನನ್ನದು. ಈಗ ನಾವು ನಾಲ್ವರೂ ಒಂದಲ್ಲ ಒಂದಕ್ಕೆ ಸಂಯೋಜಕರು. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಎಂಬ ಗಾದೆಗೆ ನಮ್ಮ ಸ್ಟಾಫ್ ರೂಮಿನಲ್ಲಿ ಉತ್ತರವಿದೆ: ಹತ್ತಿದವರೇ ಇಳಿದು ಹೊರಬೇಕು, ನಡುನಡುವೆ ಹತ್ತಿ ಕೂತು ಫೋಟೊ ತೆಗೆಸಿಕೊಳ್ಳಬೇಕು.

ಜುಲೈನಲ್ಲಿ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಬಂದರು. ಒಳ್ಳೆಯ ಮನುಷ್ಯ, ನಮ್ಮಂತೆಯೇ ಮೇಷ್ಟ್ರಾಗಿದ್ದವರು. ಆದರೆ ಕೈಯಲ್ಲಿ ನಮೂನೆ ಇತ್ತು. ಸಂಯೋಜಕರು ಪ್ರತಿ ತಿಂಗಳು ಗಣಿತ ಶಿಕ್ಷಕರ ಸಭೆ ಕರೆಯಬೇಕು, ಮುಂಚಿತವಾಗಿ ಸೂಚನೆ ಕೊಡಬೇಕು, ನಡಾವಳಿ ಬರೆಯಬೇಕು, ಅವರ ಪಾಠ ವೀಕ್ಷಿಸಿ ಸಲಹೆ ನೀಡಬೇಕು.

"ಸಾರ್, ಗಣಿತ ಶಿಕ್ಷಕರು ಅಂದ್ರೆ ನಾನೇ."

"ಗೊತ್ತು ಮೇಡಂ. ಆದ್ರೆ ಆ ಕಾಲಂ ಖಾಲಿ ಬಿಡೋ ಹಾಗಿಲ್ಲ."

ಹೀಗಾಗಿ ಆಗಸ್ಟ್‌ನ ಒಂದು ಮಧ್ಯಾಹ್ನ ನನ್ನ ಪಾಠವನ್ನು ನಾನೇ ವೀಕ್ಷಿಸಿದೆ. ಐದನೇ ತರಗತಿ, ಭಿನ್ನರಾಶಿ. ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು ಫಾರಂ ಬಿಡಿಸಿದೆ. ಎರಡು ಸಹಿ ಒಂದೇ ಥರ ಕಂಡರೆ ಚೆನ್ನಾಗಿರುವುದಿಲ್ಲ, ಸಂಯೋಜಕಿಯ ಸಹಿ ಹಸಿರು ಶಾಯಿಯಲ್ಲಿರಲಿ ಎಂದುಕೊಂಡೆ. ಹೆಡ್‌ಮೇಷ್ಟ್ರು ಗಾಬರಿಯಾಗಿ, "ಹಸಿರು ಬೇಡ ಮೇಡಂ, ಅದು ಗೆಜೆಟೆಡ್‌ನವರದ್ದು" ಎಂದರು. ಸರಿ, ಶಿಕ್ಷಕಿ ನೀಲಿ, ಸಂಯೋಜಕಿ ಕಪ್ಪು ಎಂದು ತೀರ್ಮಾನವಾಯಿತು.

'ಶಿಕ್ಷಕರ ಉತ್ತಮ ಅಂಶಗಳು' ಎಂಬಲ್ಲಿ ನಾಚಿಕೆಯಾಗಿ 'ಕಪ್ಪುಹಲಗೆಯ ಬರಹ ದುಂಡಗಿದೆ' ಎಂದಷ್ಟೇ ಕಪ್ಪಿನಲ್ಲಿ ಬರೆದೆ. 'ಸುಧಾರಣೆಗೆ ಸಲಹೆ' ಕಾಲಮ್ಮಿಗೆ ಬರುವಷ್ಟರಲ್ಲಿ ಅಧಿಕಾರ ತಲೆಗೇರಿತ್ತು. 'ಶಿಕ್ಷಕಿಯು ತರಗತಿಗೆ ಹತ್ತು ನಿಮಿಷ ತಡವಾಗಿ ಬಂದಿರುತ್ತಾರೆ.' ಅದರ ಪಕ್ಕದಲ್ಲೇ 'ಶಿಕ್ಷಕರ ಅಭಿಪ್ರಾಯ' ಎಂಬ ಕಾಲಂ. ನೀಲಿ ಪೆನ್ನು ತೆಗೆದೆ. 'ಸಂಯೋಜಕರ ಫಾರಂ ತುಂಬುತ್ತಿದ್ದ ಕಾರಣ ತಡವಾಯಿತು.' ಓದಿ ಮೈ ಉರಿಯಿತು. ಮತ್ತೆ ಕಪ್ಪು: 'ಸಬೂಬು ಹೇಳುವುದನ್ನು ಬಿಡುವುದು.' ನೀಲಿ: 'ಸಂಯೋಜಕರು ಒಂದು ದಿನ ನಾಲ್ಕು ತರಗತಿ ತೆಗೆದುಕೊಂಡು ನೋಡಲಿ.' ಕಪ್ಪು: 'ತೆಗೆದುಕೊಳ್ಳುತ್ತಲೇ ಇದ್ದೇನೆ.' ಅಷ್ಟರಲ್ಲಿ ಕಾಲಂ ತುಂಬಿಹೋಗಿ ಜಗಳ ಅಂಚಿಗೆ ಹರಿದಿತ್ತು. ಅದನ್ನು ಹರಿದು ಹಾಕಿ, ಇನ್ನೊಂದು ಫಾರಂನಲ್ಲಿ 'ತೃಪ್ತಿಕರ' ಎಂದು ಬರೆದು ಎರಡೂ ಬಣ್ಣದಲ್ಲಿ ಸಹಿ ಹಾಕಿದೆ. ರಾತ್ರಿ ಊಟಕ್ಕೆ ಕೂತಾಗಲೂ ಮುಖ ಬಿಗಿದುಕೊಂಡೇ ಇತ್ತಂತೆ. ಯಜಮಾನರು "ಯಾರ ಮೇಲೆ ಸಿಟ್ಟು?" ಎಂದರು. "ನನ್ನ ಮೇಲಿನವರ ಮೇಲೆ" ಎಂದೆ. ಸುಳ್ಳಲ್ಲ.

ಡಿಸೆಂಬರ್ 22 ಬಂತು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ, 2012ರಿಂದ ರಾಷ್ಟ್ರೀಯ ಗಣಿತ ದಿನ. ಆಚರಣೆ ಸಂಯೋಜಕಿಯದ್ದೇ ಆದರೂ, ಪಾಪ, ಹೆಡ್‌ಮೇಷ್ಟ್ರು "ಫೋಟೊ ನಾನ್ ತರಿಸ್ತೀನಿ ಬಿಡಿ" ಎಂದು ತಾಲೂಕಿನ ಫ್ಲೆಕ್ಸ್ ಅಂಗಡಿಗೆ ಫೋನ್ ಮಾಡಿದರು. ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಫ್ಲೆಕ್ಸ್ ಬಿಚ್ಚಿದರೆ ಕಾವಿ ಬಟ್ಟೆ, ಹಣೆ ತುಂಬ ನಾಮ, ಕೈಯಲ್ಲಿ ತ್ರಿದಂಡ! ಮೇಲುಕೋಟೆಯ ರಾಮಾನುಜಾಚಾರ್ಯರು ಕೈಮುಗಿದು ಕೂತಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ 'ಗಣಿತ ದಿನದ ಶುಭಾಶಯಗಳು'.

ಮಕ್ಕಳಾಗಲೇ ಭಕ್ತಿಯಿಂದ ಕಣ್ಣು ಮುಚ್ಚಿದ್ದರು. ಹೆಡ್‌ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿ, "ಇಬ್ರೂ ತಮಿಳುನಾಡಿನೋರೇ ಅಲ್ವಾ ಮೇಡಂ, ಅಡ್ಜಸ್ಟ್ ಮಾಡಿ" ಎಂದರು. ಮಾಡಿದೆ. ಆಚಾರ್ಯರು ಹುಟ್ಟಿದ್ದು 1017ರಲ್ಲಿ ಅಂತಾರೆ, ಗಣಿತಜ್ಞರು 1887ರಲ್ಲಿ, ನಡುವೆ ಎಷ್ಟು ವರ್ಷ ಹೇಳಿ ನೋಡೋಣ ಎಂದೆ. ನಾಲ್ಕನೇ ತರಗತಿಯ ಪುಟ್ಟ ಹುಡುಗಿ ಕೈಬೆರಳು ಮಡಚದೆ "ಎಂಟುನೂರ ಎಪ್ಪತ್ತು ಮಿಸ್" ಎಂದಳು. ಆ ಇಡೀ ವರ್ಷದಲ್ಲಿ ಸಂಯೋಜಕಿಯಾಗಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಯಾವ ನಮೂನೆಯಲ್ಲೂ ಅದಕ್ಕೆ ಕಾಲಂ ಇಲ್ಲ.

ಅದೇ ಹುಡುಗಿ ಮೊನ್ನೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ನಾನು ಮೊಬೈಲಿನಲ್ಲಿ ಯಾವುದೋ ಗೂಗಲ್ ಫಾರಂ ತುಂಬುತ್ತಿದ್ದೆ, 'ಸಂಜೆ 4ರೊಳಗೆ, ತುರ್ತು'. "ಮಿಸ್, ಇವತ್ತೂ ಲೆಕ್ಕ ಇಲ್ವಾ?" ಎಂದಳು. ನಾವು ಓದುವಾಗ ಲೆಕ್ಕದ ಮೇಷ್ಟ್ರು ಬರಲಿಲ್ಲ ಎಂದರೆ ಬಯಲಿಗೆ ಓಡುತ್ತಿದ್ದೆವು. ಇವಳು ಕೇಳಿಕೊಂಡು ಬಂದಿದ್ದಾಳೆ. ಆ 'ಇವತ್ತೂ' ಎಂಬಲ್ಲಿನ ದೀರ್ಘ ಇದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ.

ಹೋಗಲಿ, ನಿನ್ನೆಯ ಕಥೆಗೆ ಬರುತ್ತೇನೆ. ಸಭೆಯ ನಡಾವಳಿ ಜೊತೆ ಜಿಪಿಎಸ್ ಫೋಟೊ ಕಡ್ಡಾಯ ಎಂದು ಗ್ರೂಪಿನಲ್ಲಿ ಮೆಸೇಜು ಬಿತ್ತು. ಇಲ್ಲಿಯವರೆಗೆ ಪುಸ್ತಕದಲ್ಲಿ ಒಬ್ಬಳೇ ಸಭೆ ಸೇರಿ, ಒಬ್ಬಳೇ ಚರ್ಚಿಸಿ, ಒಬ್ಬಳೇ ವಂದಿಸಿ ಎದ್ದಿದ್ದೆ. ಫೋಟೊದಲ್ಲಿ ಒಬ್ಬಳೇ ಕೂತರೆ ಸಭೆ ಎನ್ನುವುದಿಲ್ಲ, ಶಿಕ್ಷೆ ಎನ್ನುತ್ತಾರೆ. ಹೆಡ್‌ಮೇಷ್ಟ್ರು ಇಂಗ್ಲಿಷ್ ಮೇಷ್ಟ್ರನ್ನು ಎಳೆದು ಕೂರಿಸಿದರು. ತಾವೂ ಕೂತರು. ನಲಿಕಲಿ ಮೇಡಂ ಎದ್ದು ಬಂದರೆ ಮೂರು ತರಗತಿ ಬೀದಿಗೆ ಬರುತ್ತದೆ. ಇನ್ನೊಂದು ಕುರ್ಚಿ ಖಾಲಿ. ಬಿಸಿಯೂಟದ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಆ ಕಡೆ ಹಾದುಹೋದರು.

"ಬಾಮ್ಮಾ, ಒಂದ್ ನಿಮಿಷ ಕೂತ್ಕೊ. ಏನಿಲ್ಲ, ಬರೀ ಹೆಸರಿಗೆ."

ಏಳನೇ ತರಗತಿಯ ಹುಡುಗ ಫೋಟೊ ತೆಗೆದ. ಮೊದಲನೆಯದರಲ್ಲಿ ಅವನ ಬೆರಳು. ಎರಡನೆಯದರಲ್ಲಿ ಹೆಡ್‌ಮೇಷ್ಟ್ರ ಕಣ್ಣು ಮುಚ್ಚಿತ್ತು. ಮೂರನೆಯದು ಚೆನ್ನಾಗಿತ್ತು, ಆದರೆ ಅದರಲ್ಲಿ ಮೂಡಿದ ನಕ್ಷೆಯ ಪ್ರಕಾರ ನಾವು ನಾಲ್ವರೂ ಊರ ಕೆರೆಯ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದೆವು. ನೆಟ್‌ವರ್ಕ್ ಬರಲಿ ಎಂದು ಕಾಯುತ್ತಾ ಸುಮ್ಮನೆ ಕೂತಿದ್ದಾಗ ಅಕ್ಕ ಬಾಯಿ ತೆಗೆದರು.

"ಮಿಸ್, ಇವತ್ತು 74 ಮಕ್ಳು. ಬಾಳೆಹಣ್ಣು ತಿನ್ನೋವು 11. ನೀವು ತರಿಸಿರೋದು ಎರಡು ಟ್ರೇ ಮೊಟ್ಟೆ, ಟ್ರೇಗೆ 30. ಮೂರು ಮಕ್ಳಿಗೆ ಏನ್ ಕೊಡ್ಲಿ?"

ಇಂಗ್ಲಿಷ್ ಮೇಷ್ಟ್ರು ಮೊಬೈಲ್ ತೆಗೆದು ಕ್ಯಾಲ್ಕ್ಯುಲೇಟರ್ ಒತ್ತಿದರು. ಹೆಡ್‌ಮೇಷ್ಟ್ರು ಸೂರು ನೋಡಿದರು. ನಾನು, ಗಣಿತ ಸಂಯೋಜಕಿ, ಎಪ್ಪತ್ತನಾಲ್ಕರಲ್ಲಿ ಹನ್ನೊಂದು ಕಳೆಯುವಷ್ಟರಲ್ಲಿ ಇಂಗ್ಲಿಷ್ ಮೇಷ್ಟ್ರು "ಹೌದ್ರೀ, ಮೂರೇ" ಎಂದರು. ಏಳು ತಿಂಗಳ ಸಭೆಗಳಲ್ಲಿ ಗಣಿತ ಬಂದದ್ದು ಇದೇ ಮೊದಲು. ಅಂಗಡಿಯಿಂದ ಮೂರು ಮೊಟ್ಟೆ ತರಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನಡಾವಳಿಯಲ್ಲಿ ಮೊಟ್ಟೆ ಎಂದು ಹೇಗೆ ಬರೆಯುವುದು ಎಂದು ಕೇಳಿದೆ. "ನಿತ್ಯಜೀವನದಲ್ಲಿ ಗಣಿತದ ಅನ್ವಯ ಅಂತ ಬರೀರಿ" ಎಂದರು ಹೆಡ್‌ಮೇಷ್ಟ್ರು. ಅಕ್ಕ ಹಾಜರಿದ್ದುದಕ್ಕೆ? "ಸಮುದಾಯದ ಸಹಭಾಗಿತ್ವ."

ಈ ಮನುಷ್ಯನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ಆಗುವುದೇ ಇಲ್ಲ. ಅವರೂ ಇನ್‌ಚಾರ್ಜೇ. ಆರು ವರ್ಷದ ಹಿಂದೆ ಹಳೆಯ ಹೆಡ್‌ಮೇಷ್ಟ್ರು ನಿವೃತ್ತರಾದಾಗ ಬೀಗದ ಗೊಂಚಲನ್ನು ಇವರ ಕೈಗಿಟ್ಟು, ಹೊಸಬರು ಬರುವ ತನಕ ಬರೀ ಹೆಸರಿಗೆ ಎಂದಿದ್ದರಂತೆ. ಆಗ ಇವರು ಏಳನೇ ತರಗತಿಗೆ ಪದ್ಯ ಹಾಡಿದರೆ ಪಕ್ಕದ ತರಗತಿಯಲ್ಲಿ ನಾನು ಲೆಕ್ಕ ನಿಲ್ಲಿಸಿ ಕೇಳುತ್ತಿದ್ದೆ. ಈಗ ಆ ಗೊಂಚಲಿನ ಸದ್ದಷ್ಟೇ ಕೇಳುತ್ತದೆ.

ಕೊನೆಗೆ ಅಕ್ಕ ನಡಾವಳಿ ಪುಸ್ತಕದಲ್ಲಿ ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಪುಟ ತಿರುವಿ ಹಿಂದಿನ ತಿಂಗಳುಗಳನ್ನೆಲ್ಲ ನೋಡಿ, "ಎಲ್ಲ ಒಂದೇ ಕೈ ಬರವಣಿಗೆ ಐತಲ್ಲ ಮಿಸ್, ಒಬ್ರೇ ಎಷ್ಟ್ ಅಂತ ಬರೀತೀರಿ" ಎಂದು ಎದ್ದರು. ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು.

"ಮುಂದಿನ ಮೀಟಿಂಗ್ ಯಾವತ್ತು ಅಂತ ಒಂದಿನ ಮುಂಚೆ ಹೇಳಿ. ಒಳ್ಳೆ ಸೀರೆ ಉಟ್ಕೊಂಡ್ ಬತ್ತೀನಿ."