ಯಾವ ಲೈನು ಮಾರಾಯ?

"ಲೈನ್ ಹೋಯ್ತು ಮಾರಾಯ, ನೀನು ಬರೋವಾಗ..." ಅಂದರು ಅಪ್ಪಯ್ಯ. ಅಷ್ಟರಲ್ಲಿ ಫೋನ್ ಕಟ್ಟಾಯ್ತು.

ಶ್ರಾವಣದ ಒಂದು ಶನಿವಾರ. ಮರುದಿನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಆಷಾಢ ಕಳೆಯಲಿ ಅಂತ ಕಾದು ಗೊತ್ತು ಮಾಡಿದ ದಿನ. ನಾನು ಶಿವಮೊಗ್ಗದ ವಿನೋಬನಗರದ ರೂಮಿನಲ್ಲಿ ಬಟ್ಟೆ ತುಂಬಿಕೊಳ್ಳುತ್ತಿದ್ದೆ. ಹೊರಗೆ ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಫೋನ್ ಕೈಯಲ್ಲಿ ಹಿಡಿದು ಯೋಚನೆ ಮಾಡುತ್ತಾ ನಿಂತೆ. ಹೋಗಿದ್ದು ಯಾವ ಲೈನು?

ಈ ಕಷ್ಟ ಅರ್ಥ ಆಗಬೇಕಾದರೆ ನಮ್ಮ ಮನೆ ಎಲ್ಲಿದೆ ಅಂತ ಗೊತ್ತಿರಬೇಕು. ಹೊಸನಗರ ತಾಲ್ಲೂಕಿನಲ್ಲಿ, ಅರಸಾಳು ಸ್ಟೇಷನ್ನಿನಿಂದ ಒಂದು ಗುಡ್ಡ ಹತ್ತಿ ಇಳಿದರೆ ನಮ್ಮ ಮನೆ. ಮುಂದೆ ಅಡಿಕೆ ತೋಟ, ತೋಟದಾಚೆ ಶಿವಮೊಗ್ಗ-ತಾಳಗುಪ್ಪ ರೈಲು ಹಳಿ. ಹಳಿ ಅಂತ ಈಗ ಬರೆಯುತ್ತಿದ್ದೇನೆ ಅಷ್ಟೆ. ಊರಲ್ಲಿ ಆ ಮಾತು ಆಡಿದವರನ್ನು ನಾನು ಕಂಡಿಲ್ಲ. ನಮಗೆಲ್ಲ ಅದು ಲೈನು. "ದನ ಲೈನಿಗೆ ಹೋಗಿದೆ ನೋಡು", "ಅವರು ಲೈನ್ ಆಚೆಯವರು", ಹೀಗೆ. ಮೀಟರ್ ಗೇಜ್ ಕಾಲದಲ್ಲಿ ಇದರ ಮೇಲೆ ರೈಲ್‌ಬಸ್ ಓಡುತ್ತಿತ್ತು. ಬಸ್ಸಿಗೇ ರೈಲಿನ ಚಕ್ರ ಹಾಕಿ ಬಿಟ್ಟ ಹಾಗೆ ಕಾಣುತ್ತಿತ್ತು ಅದು. ಆಮೇಲೆ ಹಳಿಗಳ ನಡುವಿನ ಅಂತರ 1000 ಮಿಲಿಮೀಟರಿನಿಂದ 1676ಕ್ಕೆ ಹಿಗ್ಗಿತು. ಬ್ರಾಡ್‌ಗೇಜ್ ಬಂತು, ರೈಲ್‌ಬಸ್ ಹೋಯಿತು, ಲೈನ್ ಅನ್ನೋ ಹೆಸರು ಮಾತ್ರ ಅಲ್ಲೇ ಉಳಿಯಿತು.

ಆ ಲೈನಿಗೆ ಇನ್ನೊಂದು ಉಪಯೋಗವೂ ಇತ್ತು. ಬೆಳಗಿನ ಜಾವ ಯಾರಾದರೂ ಚೊಂಬು ಹಿಡಿದು "ಲೈನಿಗೆ ಹೋಗಿ ಬರ್ತೀನಿ" ಅಂದರೆ ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಈಗ ಮನೆಮನೆಗೂ ಕಕ್ಕಸು ಬಂದಿದೆ. ಆದರೂ ಹಳೇ ತಲೆಗಳ ಬಾಯಲ್ಲಿ 'ಲೈನಿಗೆ ಹೋಗೋದು' ಅಂದರೆ ಇವತ್ತಿಗೂ ಅದೇ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ರೈಲಿನದ್ದೊಂದೇ ಆಗಿದ್ದರೆ ಚಿಂತೆ ಇರಲಿಲ್ಲ. ಕರೆಂಟಿನ ತಂತಿಯೂ ಲೈನೇ. ಫೋನೂ ಲೈನೇ. ಬಾವಿಯಿಂದ ತೋಟಕ್ಕೆ ನೀರು ಬರೋದು ಪೈಪ್ ಲೈನು. ಸೊಸೈಟಿ ಮುಂದೆ ಅಕ್ಕಿಗೆ ನಿಂತರೆ ಲೈನು. ಶಾಲೆ ಮಕ್ಕಳ ಕಾಪಿ ಪುಸ್ತಕದಲ್ಲಿ ಎರಡು ಲೈನು, ನಾಲ್ಕು ಲೈನು. ಬೇಕರಿ ತಿಂಡಿ ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕುವ ವ್ಯಾನಿನವರಿಗೆ ಸೋಮವಾರ ರಿಪ್ಪನ್‌ಪೇಟೆ ಲೈನು, ಮಂಗಳವಾರ ತೀರ್ಥಹಳ್ಳಿ ಲೈನು. ಕಾಲೇಜು ಹುಡುಗರು ಹೊಡೆಯುವ ಲೈನು ಬೇರೆ, ಅದನ್ನು ನಾನು ವಿವರಿಸಬೇಕಾಗಿಲ್ಲ. ಹಳಿ, ತಂತಿ, ಗೆರೆ, ಸಾಲು, ಪಾಳಿ ಅಂತ ಐದು ಆಳು ಮಾಡುತ್ತಿದ್ದ ಕೆಲಸವನ್ನು ಹೊರಗಿನಿಂದ ಬಂದ ಒಬ್ಬನೇ ಆಳಿಗೆ ವಹಿಸಿ ನಾವು ಜಗಲಿ ಮೇಲೆ ಕೂತಿದ್ದೇವೆ.

ಮೂಲದಲ್ಲಿ ಪಾಪ ಅದು ಬರೀ ದಾರ. ಲ್ಯಾಟಿನ್ ಭಾಷೆಯಲ್ಲಿ ಲೀನಮ್ ಅಂದರೆ ಅಗಸೆ. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆ. ಅದರ ನಾರಿನಿಂದ ಹೊಸೆದ ದಾರ ಲೀನಿಯ, ಅದೇ ಇಂಗ್ಲಿಷಿನಲ್ಲಿ ಲೈನ್ ಆಯಿತು. ಲಿನನ್ ಬಟ್ಟೆಯೂ ಅದರ ದಾಯಾದಿಯೇ. ಹಾಗೆ ನೋಡಿದರೆ ಈ ಪದವನ್ನು ಸರಿಯಾಗಿ ಬಳಸುವವರು ನಮ್ಮ ಅಪ್ಪಯ್ಯ ಒಬ್ಬರೇ. ಅಡಿಕೆ ಸಸಿ ನೆಡುವಾಗ 9 ಅಡಿಗೊಂದು ಗೂಟ ಹೊಡೆದು, ಹಗ್ಗ ಎಳೆದು, "ಲೈನ್ ಹಿಡಿಯೋ" ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅರ್ಥ ಜಾಸ್ತಿ ಇರೋದು ರನ್ ಅನ್ನೋ ಪದಕ್ಕಂತೆ. ಆ ಕ್ರಿಯಾಪದ ಒಂದಕ್ಕೇ ಆಕ್ಸ್‌ಫರ್ಡ್ ನಿಘಂಟಿನವರು 645 ಅರ್ಥ ಎಣಿಸಿದ್ದಾರೆ. ಎಣಿಸಲಿ. ಅವರು ಶ್ರಾವಣ ಮಾಸದಲ್ಲಿ ನಮ್ಮನೆಗೆ ಬಂದಿರಲಿಲ್ಲ.

ಸರಿ, ಯಾವ ಲೈನು? ನಾನು ಎರಡು ಲೆಕ್ಕ ಹಾಕಿದೆ. ಮಾತಿನ ನಡುವೆ ಫೋನ್ ಕಟ್ಟಾಗಿದೆ, ತಿರುಗಿ ಮಾಡಿದರೆ ಹೋಗುತ್ತಿಲ್ಲ. ಹಾಗಾದರೆ ಫೋನಿನ ಲೈನು. ಅಥವಾ ಮಳೆಗೆ ಎಲ್ಲೋ ಮಣ್ಣು ಕುಸಿದಿದೆ, ಬರೋವಾಗ ಬಸ್ಸಿಗೆ ಬಾ ಅಂತ ಹೇಳಲು ಹೊರಟಿದ್ದರು. ಹಾಗಾದರೆ ರೈಲಿನ ಲೈನು. ಎರಡಕ್ಕೂ ಪರಿಹಾರ ಮಾಡಿದೆ. ಗಾಂಧಿ ಬಜಾರಿಗೆ ಹೋಗಿ ಬೇರೆ ಕಂಪನಿಯ ಸಿಮ್ಮು ತಗೊಂಡೆ. ರೈಲು ಬಿಟ್ಟು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂರಲು ಜಾಗ ಇರಲಿಲ್ಲ. ಒದ್ದೆ ಛತ್ರಿಗಳ ನಡುವೆ ಒಂದೇ ಕಾಲಲ್ಲಿ ನಿಂತು, ಆಯನೂರು ದಾಟಿ, ಕೊನೆಗೂ ನಮ್ಮೂರ ಕ್ರಾಸಿನಲ್ಲಿ ಇಳಿದು ನಡೆದುಕೊಂಡು ಬಂದರೆ ಗೇಟ್ ಹಾಕಿತ್ತು. ನಾನು ಬಿಟ್ಟ ರೈಲು ನನ್ನ ಕಣ್ಣೆದುರೇ ಕೂಗಿಕೊಂಡು ಹೋಯಿತು. ಕಿಟಕಿ ಪಕ್ಕದ ಸೀಟುಗಳೆಲ್ಲ ಖಾಲಿ ಇದ್ದವು.

ಮನೆ ಕತ್ತಲೆಯಲ್ಲಿತ್ತು. ಹಿತ್ತಲ ಹಲಸಿನ ಮರ ಬುಡಸಮೇತ ಕರೆಂಟಿನ ತಂತಿ ಮೇಲೆ ಮಲಗಿತ್ತು.

"ಬ್ಯಾಟರಿ, ಮೇಣದಬತ್ತಿ ತಂದ್ಯನಾ?" ಅಂದಳು ಅಮ್ಮ.

ನಾನು ಸಿಮ್ಮು ತೋರಿಸಿದೆ. ಅಮ್ಮ ಅದನ್ನು ಚಿಮಣಿ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು. "ಇದನ್ನ ಹಚ್ಚಿಟ್ರೆ ಬೆಳಕು ಬರ್ತದಾ?"

ನಮ್ಮ ಕಡೆ ಕರೆಂಟಿನ ಕಥೆ ಹೇಳಿದರೆ ಹೊರಗಿನವರು ನಂಬುವುದಿಲ್ಲ. 1948ರಿಂದ ಜೋಗದಲ್ಲಿ ಕರೆಂಟು ತಯಾರಾಗುತ್ತಿದೆ. ಆಮೇಲೆ ಲಿಂಗನಮಕ್ಕಿ ಕಟ್ಟಿದರು. ಶರಾವತಿಯ ಆ ದೊಡ್ಡ ಪವರ್ ಹೌಸಿನ ಸಾಮರ್ಥ್ಯವೇ 1035 ಮೆಗಾವ್ಯಾಟ್. ಅದೆಲ್ಲ ದೊಡ್ಡ ದೊಡ್ಡ ಟವರುಗಳ ಮೇಲೆ, ಗುಡ್ಡದಿಂದ ಗುಡ್ಡಕ್ಕೆ ಹಾರಿ ಊರೂರಿಗೆ ಹೋಗುತ್ತದೆ. ನಾವು ಕೆಳಗೆ ಚಿಮಣಿ ಹಿಡಿದು ನಿಂತು ಟಾಟಾ ಮಾಡುತ್ತೇವೆ. ಮಿಕ್ಸಿ ಓಡದೆ ಅಮ್ಮ ಪತ್ರೊಡೆಗೆ ಅಕ್ಕಿ ರುಬ್ಬಲು ಅಪ್ಪಯ್ಯನನ್ನು ಒರಳಿಗೆ ಕೂರಿಸಿದ್ದಳು. ಹೆಣ್ಣಿನ ಅಪ್ಪ ಅಂದರೆ ಸುಮ್ನೆ ಅಲ್ಲ.

ಭಾನುವಾರ ಬೆಳಿಗ್ಗೆ ತಂಗಿ ತಾನೇ ಹೋಗಿ ಲೈನ್‌ಮನ್ನನ್ನು ಹಿಡಿದು ತಂದಳು. ಇಲಾಖೆಯ ಕಾಗದದಲ್ಲಿ ಈಗ ಅವರು ಪವರ್‌ಮ್ಯಾನ್. ಕಾಗದದಲ್ಲಿ ಇರಲಿ ಬಿಡಿ, ನಮ್ಮಲ್ಲಿ ಪವರ್ ಕಂಡವರು ಕಮ್ಮಿ, ಲೈನು ಎಲ್ಲರಿಗೂ ಕಾಣುತ್ತದೆ. ಮಳೆಗಾಲದಲ್ಲಿ ಅವರನ್ನು ಒಮ್ಮೆ ಬಿಟ್ಟರೆ ಮತ್ತೆ ಸಿಗೋದು ಮೂರು ದಿನಕ್ಕೆ. ಹತ್ತು ಊರಿಗೆ ಒಬ್ಬರು, ಪಾಪ ಅವರಾದರೂ ಎಂತ ಮಾಡುತ್ತಾರೆ. ಹಾಗಾಗಿ ತಂಗಿ ಅವರ ಏಣಿ ಹಿಡಿದುಕೊಂಡೇ ನಿಂತಿದ್ದಳು.

ಅದೇ ಹೊತ್ತಿಗೆ ಅಮ್ಮ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಿದಳು. ನಮ್ಮಲ್ಲಿ ಸಿಗ್ನಲ್ ಸಿಗೋದು ಅಲ್ಲೇ. ಗಂಡಿನ ಅಮ್ಮನಿಗೆ ಫೋನ್ ಮಾಡಿ, ಹೊರಟಿರಾ ಅಂತ ಕೇಳಿದಳು. ಅವರು ಹುಡುಗಿ ಎಂತ ಮಾಡ್ತಿದಾಳೆ ಅಂದಿರಬೇಕು. ಅಮ್ಮ ಮೂರೂರಿಗೆ ಕೇಳುವ ಹಾಗೆ ಹೇಳಿದಳು: "ಅವಳೆಲ್ಲಿ ಮನೇಲಿದಾಳೆ! ಬೆಳಿಗ್ಗೆಯಿಂದ ಲೈನ್‌ಮನ್ ಹಿಂದೇ ಇದಾಳೆ. ಬಿಟ್ರೆ ಮತ್ತೆ ಸಿಗಲ್ಲ ಅಂತ ಗಟ್ಟಿ ಹಿಡ್ಕೊಂಡಿದಾಳೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದ ಇರಲಿಲ್ಲ. ಅಮ್ಮ ಸಿಗ್ನಲ್ ಹೋಯ್ತು ಅಂದುಕೊಂಡು ಇಳಿದು ಬಂದಳು.

ಅವಳು ಇಳಿದ ಕೂಡಲೇ ಸೋದರಮಾವ ಹತ್ತಿದರು. ಸಂಬಂಧ ತಂದವರು ಅವರೇ. ಗಂಡಿಗೆ ಒಬ್ಬಳು ಅಕ್ಕ ಇದ್ದಳು, ಅವಳದ್ದು ನಿಶ್ಚಯ ಆಗದೆ ಇವನದ್ದು ಮಾಡುವಂತಿರಲಿಲ್ಲ. ಮಾವ ಗಂಡಿನ ಅಪ್ಪನಿಗೆ ಫೋನ್ ಹಚ್ಚಿ ಕೂಗಿದರು. "ಹಂಗಾರೆ ಅಕ್ಕಂದು ಆಯ್ತಲ್ಲ? ಇನ್ನೆಂತ, ಲೈನ್ ಕ್ಲಿಯರ್! ಲೈನ್ ಕ್ಲಿಯರ್!"

ಕಂಬದ ಮೇಲಿಂದ ಒಂದು ಚೀರು ಬಂತು. "ಯಾರ್ರೀ ಅದು ಲೈನ್ ಕ್ಲಿಯರ್ ಅಂದಿದ್ದು? ನಾನಿನ್ನೂ ಕಂಬದ ಮೇಲಿದೀನಿ!"

ಮಾವನಿಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಕರೆಂಟಿನವರಿಗೆ ಲೈನ್ ಕ್ಲಿಯರ್ ಅಂದರೆ ಮದುವೆ ಅಲ್ಲ, ಜೀವ. ಆ ಲೈನಿಗೆ ಕರೆಂಟ್ ಬಿಡುವುದಿಲ್ಲ ಅಂತ ಸಬ್‌ಸ್ಟೇಷನ್ನಿನಿಂದ ಅನುಮತಿ ಪಡೆದ ಮೇಲೆಯೇ ಅವರು ಕಂಬ ಹತ್ತೋದು. ಕೆಲಸ ಮುಗಿಸಿ, ಇಳಿದು, ಅದನ್ನು ವಾಪಸ್ ಕೊಟ್ಟ ಮೇಲೆಯೇ ಚಾರ್ಜ್ ಮಾಡೋದು, ಅಂದರೆ ಕರೆಂಟ್ ಬಿಡೋದು. ಮಾವನ ಕೂಗು ಕೇಳಿ, ಯಾರೋ ಅದನ್ನು ವಾಪಸ್ ಕೊಟ್ಟೇಬಿಟ್ಟರು ಅಂತ ಅವರು ಹೆದರಿದ್ದರು. ರೈಲಿನವರಲ್ಲೂ ಇದೇ ಮಾತಿದೆ. ಮುಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೊಡದೆ ಗಾಡಿ ಬಿಡುವ ಹಾಗಿಲ್ಲ. ನಡುವೆ ಮದುವೆ ಮನೆಯವರು ಅದನ್ನು ಯಾವಾಗ ಎತ್ತಿಕೊಂಡು ಬಂದರೋ. ಲೈನ್‌ಮನ್ನು ಪೂರಾ ಕೆಳಗಿಳಿದು, ಮಾವನನ್ನು ಎರಡು ನಿಮಿಷ ದುರುಗುಟ್ಟಿ ನೋಡಿ, ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಮತ್ತೆ ಹತ್ತಿದರು. ತಂಗಿ ಮಾವನ ಫೋನ್ ಕಸಿದುಕೊಂಡಳು.

ಹನ್ನೊಂದಕ್ಕೆ ಗಂಡಿನ ಕಡೆಯವರು ಬಂದರು. ಬಾಳೆಹೊನ್ನೂರು ಕಡೆಯವರು. ಹುಡುಗ ಕಾಫಿ ಎಸ್ಟೇಟಿನಲ್ಲಿ ರೈಟರು. ಇದರದ್ದೂ ಒಂದು ಕಥೆ ಆಗಿತ್ತು. ಅಜ್ಜಿ, "ಬರೆಯೋನಾ? ಹಂಗಾರೆ ಊಟಕ್ಕೆ ಎಂತ ಮಾಡ್ತಾನೆ?" ಅಂತ ಒಂದು ವಾರ ಒಪ್ಪಿರಲಿಲ್ಲ. ರೈಟರ್ ಅಂದರೆ ಆಳುಗಳ ಲೆಕ್ಕ ಬರೆಯುವವನು, ತಿಂಗಳ ಸಂಬಳ ಇದೆ ಅಂತ ತಿಳಿಸಿದ ಮೇಲೆ ಸಮಾಧಾನ ಆಯಿತು. ನಾನೂ ಆಗಾಗ ಬರೆಯುತ್ತೇನೆ. ಆ ವಾರ ಅಜ್ಜಿ ನನ್ನ ಮುಖ ನೋಡಿದ ರೀತಿ ಇರಲಿ.

ಪತ್ರೊಡೆ ಆಯಿತು, ಹಲಸಿನ ಹಪ್ಪಳ ಆಯಿತು. ಹುಡುಗನ ಅಮ್ಮ ಮಾತ್ರ ಏನೂ ಸರಿಯಾಗಿ ಮುಟ್ಟಲಿಲ್ಲ. ತಂಗಿಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಹುಡುಗನ ಅಪ್ಪ ಮಗನ ಗುಣಗಾನ ಶುರು ಮಾಡಿದರು.

"ನಮ್ಮ ಹುಡುಗನಿಗೆ ಬೀಡಿ, ಸಿಗರೇಟು, ಎಂತದೂ ಇಲ್ಲ. ಒಂದೇ ಒಂದು. ಎಂಥಾ ಮಳೆ ಬರಲಿ, ಬೆಳಿಗ್ಗೆ ಆರೂವರೆಗೆ ಲೈನಿಗೆ ಹೋಗಲೇಬೇಕು. ಹೋಗದಿದ್ರೆ ದಿನ ಇಡೀ ಅವನಿಗೆ ಸಮಾಧಾನ ಇಲ್ಲ."

ಅಪ್ಪಯ್ಯ ಕಾಫಿ ಲೋಟ ಕೆಳಗಿಟ್ಟರು. "ಮನೇಲಿ ವ್ಯವಸ್ಥೆ ಇಲ್ವಾ?"

"ಮನೇಲಿ ಕೂತರೆ ಆಗ್ತದಾ ಅದು? ಲೈನಿಗೇ ಹೋಗಬೇಕು. ಅವನೊಬ್ಬನೇ ಅಲ್ಲ, ಎಲ್ಲರನ್ನೂ ಎಬ್ಬಿಸಿ ಹೊರಡಿಸ್ತಾನೆ."

"ಎಲ್ಲರನ್ನೂ?"

"ನಲವತ್ತು ಜನ. ಗಂಡಸರು, ಹೆಂಗಸರು ಎಲ್ಲ ಸೇರಿ. ಸಾಲಾಗಿ ನಿಲ್ಲಿಸಿ, ಹಾಜರಿ ತಗೊಂಡು, ಆಮೇಲೆ ಮುಂದಿನ ಕೆಲಸ."

"ಹಾಜರಿನೂ ತಗೊಳ್ತಾರನಾ?" ಅಪ್ಪಯ್ಯನ ದನಿ ಬದಲಾಗಿತ್ತು.

ಬಾಗಿಲ ಸಂದಿಯಲ್ಲಿ ಕೂತಿದ್ದ ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಶಿವನೇ! ಮದುವೆ ಆದ್ಮೇಲೆ ನಮ್ಮ ಹುಡುಗಿನೂ ಆ ಸಾಲಲ್ಲಿ ನಿಲ್ಲಬೇಕಾ?"

ನಾನು ಹಪ್ಪಳ ಬಾಯಿಗಿಟ್ಟವನು ಹಾಗೇ ಕೂತೆ. ನನಗೆ ಗೊತ್ತಿತ್ತು. ಕಾಫಿ ಸೀಮೆಯಲ್ಲಿ ಆಳುಗಳಿಗೆ ಉದ್ದಕ್ಕೆ ಒಂದೇ ಸೂರಿನಡಿ ಕಟ್ಟಿದ ಮನೆಗಳಿಗೆ ಲೈನ್ ಮನೆ ಅನ್ನುತ್ತಾರೆ. ಅಲ್ಲಿ ಲೈನಿಗೆ ಹೋಗೋದು ಅಂದರೆ ಕೆಲಸಕ್ಕೆ ಜನ ಕರೆಯಲು ಹೋಗೋದು. ಆದರೆ ನಗು ತಡೆದು ಅದನ್ನು ಹೇಳಬೇಕಲ್ಲ. ಮೊದಲು ಅರ್ಥ ಆಗಿದ್ದು ಹುಡುಗನಿಗೆ. ಬರುವಾಗ ಅವನೂ ನಮ್ಮ ಹಳಿ ದಾಟಿಕೊಂಡೇ ಬಂದಿದ್ದ, "ಲೈನ್ ದಾಟಿ ಎಡಕ್ಕೆ" ಅಂತ ದಾರಿ ಹೇಳಿಸಿಕೊಂಡಿದ್ದ. ಮುಖ ಕೆಂಪಗೆ ಮಾಡಿಕೊಂಡು, "ಮಾವ, ಅದು ಆ ಲೈನಲ್ಲ" ಅಂದ. ಮಾತುಕತೆಗೆ ಮುಂಚೆಯೇ ಅವನ ಬಾಯಲ್ಲಿ ಮಾವ ಅನ್ನೋದು ಬಂದುಬಿಟ್ಟಿತ್ತು. ಒಳಗಡೆ ತಂಗಿ ಕಿಸಕ್ಕನೆ ನಕ್ಕಿದ್ದು ಜಗಲಿಗೆಲ್ಲ ಕೇಳಿಸಿತು.

ಎಲ್ಲರೂ ನಕ್ಕು ಸುಸ್ತಾದ ಮೇಲೆ ಹುಡುಗನ ಅಮ್ಮ ಮೆಲ್ಲಗೆ ಕೇಳಿದರು. "ಅದಿರಲಿ, ಬೆಳಿಗ್ಗೆ ಹೇಳಿದ್ರಲ್ಲ, ಲೈನ್‌ಮನ್ನು ಅಂತ... ಅದು ಯಾರು?"

ಅಮ್ಮನಿಗೆ ಏನು ಕೇಳುತ್ತಿದ್ದಾರೆ ಅಂತಲೇ ಹೊಳೆಯಲಿಲ್ಲ. "ಅಗೋ, ಬಂದ್ರು ನೋಡಿ" ಅಂದಳು. ತಲೆಗೂದಲೆಲ್ಲ ಬೆಳ್ಳಗಾದ ಲೈನ್‌ಮನ್ನು ಒದ್ದೆ ಅಂಗಿಯಲ್ಲಿ ಮೆಟ್ಟಿಲು ಹತ್ತಿ ಬಂದು, "ಒಂದು ಲೋಟ ಕಾಫಿ ಕೊಡು ಮಗಳೇ" ಅಂದರು. ಹುಡುಗನ ಅಮ್ಮ ಅವರನ್ನು ನೋಡಿದರು, ತಂಗಿಯನ್ನು ನೋಡಿದರು, ಆಮೇಲೆ ಪತ್ರೊಡೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಎರಡು ಸಲ ಹಾಕಿಸಿಕೊಂಡರು. ಅಷ್ಟರಲ್ಲಿ ಜಗಲಿಯ ಬಲ್ಬು ಹತ್ತಿತು.

ಮಾವ ಬಾಯಿ ತೆಗೆದರು. ಲೈನ್‌ಮನ್ನು ಅವರ ಕಡೆ ತಿರುಗಿದರು. ಮಾವ ಬಾಯಿ ಮುಚ್ಚಿಕೊಂಡರು.

ಮದುವೆ ಆಗಿ ಈಗ ಒಂದು ಮಳೆಗಾಲ ಕಳೆದಿದೆ. ಮೊನ್ನೆ ಊರಿಗೆ ಹೋದಾಗ ಅಪ್ಪಯ್ಯ ದಿಬ್ಬದ ಮೇಲೆ ನಿಂತು ತಂಗಿಗೆ ಫೋನ್ ಮಾಡಿದ್ದರು. ಅಳಿಯ ಎಲ್ಲಿ ಅಂತ ಕೇಳಿದರು. ಬೆಳಿಗ್ಗೇನೇ ಲೈನಿಗೆ ಹೋಗಿದಾರೆ, ಬಂದ ಮೇಲೆ ಮಾಡಿಸ್ತೀನಿ ಅಂದಳಂತೆ.

ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಅಜ್ಜಿಗೆ ಅದು ಹೇಗೆ ಕೇಳಿಸಿತೋ ಏನೋ. ಅಲ್ಲಿಂದಲೇ ಕೂಗಿದಳು:

"ಚೊಂಬು ತಗೊಂಡು ಹೋಗಿದಾರನಾ ಕೇಳು!"