ಸ್ಟೀರಾಯ್ಡ್ ನುಂಗುವವರಿಗೆ ಹಾಲು ಮೊಸರಿನ ಪಥ್ಯವೇಕೆ?

ಹೋದ ವರ್ಷ ಸಂಧಿವಾತ ಉಲ್ಬಣಿಸಿ, ಬೆಳಿಗ್ಗೆ ಎದ್ದರೆ ಬೆರಳು ಮಡಚಲೂ ಆಗದ ಸ್ಥಿತಿ ಬಂದಾಗ ವೈದ್ಯರು ನನಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಆರಂಭಿಸಿದರು. ಔಷಧಿ ಚೀಟಿ ಮನೆಗೆ ಬಂದ ದಿನವೇ ನನ್ನ ತಟ್ಟೆಯಿಂದ ಮೊಸರು ಮಾಯವಾಯಿತು. "ವಾತಕ್ಕೆ ಮೊಸರು ಆಗಿಬರೋದಿಲ್ಲ, ಈಗ ಸ್ಟೀರಾಯ್ಡ್ ಬೇರೆ ಶುರುವಾಗಿದೆ, ಹಾಲು ಮೊಸರು ಮುಟ್ಟಲೇಬೇಡಿ" ಎಂದು ಅತ್ತಿಗೆ ಫೋನಿನಲ್ಲೇ ಪಥ್ಯ ವಿಧಿಸಿದರು. ಮೂರು ವಾರ ನಾನು ಅದನ್ನು ಚಾಚೂತಪ್ಪದೆ ಪಾಲಿಸಿದೆ. ಹಾಲಿಲ್ಲದ ಕಷಾಯ ಕುಡಿದೆ, ಊಟದ ಕೊನೆಯ ತುತ್ತನ್ನು ಮೊಸರಿಲ್ಲದೆ ಉಪ್ಪಿನಕಾಯಿಯ ಬಲದಿಂದ ಮುಗಿಸಿದೆ. ಉಪ್ಪಿನಕಾಯಿ ಬಿಡಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಮುಂದಿನ ಭೇಟಿಯಲ್ಲಿ ವೈದ್ಯರು ದಿನಕ್ಕೆ ಎಷ್ಟು ಹಾಲು, ಎಷ್ಟು ಮೊಸರು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. "ಪೂರ್ತಿ ಬಿಟ್ಟಿದ್ದೇನೆ ಡಾಕ್ಟ್ರೇ" ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ಅವರು ಅಂದು ವಿವರಿಸಿದ್ದನ್ನು ಮೊದಲ ದಿನವೇ ಹೇಳಿದ್ದರೆ ಎಂಬ ಅಸಮಾಧಾನ ನನಗೆ ಈಗಲೂ ಇದೆ. ಸ್ಟೀರಾಯ್ಡ್ ಔಷಧಿ ಕರುಳು ಹೀರಿಕೊಳ್ಳುವ ಕ್ಯಾಲ್ಸಿಯಂ ಪ್ರಮಾಣವನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಹೊರಹೋಗುವ ಪ್ರಮಾಣವನ್ನು ಹೆಚ್ಚಿಸುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಹೊಸ ಮೂಳೆ ಕಟ್ಟುವ ಜೀವಕೋಶಗಳ ಕೆಲಸವನ್ನೇ ಕುಗ್ಗಿಸುತ್ತದೆ. ಮೂಳೆ ಸವೆಯುವುದು ವರ್ಷಗಟ್ಟಲೆ ನುಂಗಿದ ಮೇಲಲ್ಲ, ಮೊದಲ ಮೂರರಿಂದ ಆರು ತಿಂಗಳಲ್ಲೇ ಅದರ ವೇಗ ಹೆಚ್ಚು. ಆದ್ದರಿಂದ ದಿನಕ್ಕೆ 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಪ್ರೆಡ್ನಿಸೊಲೋನನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವ ವಯಸ್ಕರಿಗೆ, ಆಹಾರ ಮತ್ತು ಮಾತ್ರೆ ಎರಡೂ ಸೇರಿ, ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗಬೇಕೆಂದು ಅಮೆರಿಕದ ಸಂಧಿವಾತ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ಒಂದು ದೊಡ್ಡ ಲೋಟ, ಅಂದರೆ 200 ಮಿಲಿ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ. ನಾನು ಮೂರು ವಾರ ಬಿಟ್ಟದ್ದು ಇದನ್ನು.

ಹಾಗಾದರೆ ಈ ಪಥ್ಯ ಎಲ್ಲಿಂದ ಬಂತು? ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್‌ಗಳನ್ನು ಹಾಲಿನೊಂದಿಗೆ ನುಂಗಬಾರದು, ಹಾಲಿನ ಕ್ಯಾಲ್ಸಿಯಂ ಅವುಗಳಿಗೆ ಅಂಟಿಕೊಂಡು ಔಷಧಿ ರಕ್ತ ಸೇರದಂತೆ ತಡೆಯುತ್ತದೆ ಎಂಬುದು ನಿಜವಾದ ನಿಯಮ. ಅದು ಬಾಯಿಂದ ಬಾಯಿಗೆ ಹೋಗುತ್ತಾ "ಇಂಗ್ಲಿಷ್ ಮಾತ್ರೆಗೆ ಹಾಲು ಆಗದು" ಎಂದಾಗಿರಬೇಕೆಂದು ನನ್ನ ಊಹೆ. ಇನ್ನೊಂದು ಕಾರಣ ಮುಖದ ಊತ. ಹಾಲು ಕುಡಿದದ್ದಕ್ಕೇ ಕೆನ್ನೆ ಊದಿದೆ ಎಂದು ಸೋದರಮಾವ ತೀರ್ಪು ಕೊಟ್ಟರು, ಆದರೆ ಆ ಹೊತ್ತಿಗೆ ನಾನು ಹಾಲು ಬಿಟ್ಟು ಎರಡು ವಾರವಾಗಿತ್ತು! ಹಾರ್ವೆ ಕುಶಿಂಗ್ ಎಂಬ ವೈದ್ಯ 1932ರಲ್ಲಿ ವಿವರಿಸಿದ, ಇಂದು ಅವರ ಹೆಸರಿನಲ್ಲೇ ಕರೆಯುವ ಕಾಯಿಲೆಯಲ್ಲಿ ದೇಹವೇ ಕಾರ್ಟಿಸೋಲ್ ಎಂಬ ತನ್ನದೇ ಸ್ಟೀರಾಯ್ಡನ್ನು ಅತಿಯಾಗಿ ತಯಾರಿಸುತ್ತದೆ. ಮುಖ ದುಂಡಗಾಗುವುದು, ಮೂಳೆ ದುರ್ಬಲವಾಗುವುದು ಎರಡೂ ಅದರ ಲಕ್ಷಣಗಳೇ. ಮಾತ್ರೆಯ ರೂಪದಲ್ಲಿ ಸ್ಟೀರಾಯ್ಡ್ ಒಳಸೇರಿದಾಗಲೂ ನಡೆಯುವುದು ಬಹುಮಟ್ಟಿಗೆ ಅದೇ.

"ನಮ್ಮ ಮನೆಯಲ್ಲಿ ದಿನವೂ ಮುದ್ದೆ ಇರುವಾಗ ಹಾಲಿನ ಹಂಗೇಕೆ?" ಎಂದು ನಮ್ಮ ಹಾಸನದ ಕಡೆಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ತೂಕಕ್ಕೆ ತೂಕ ನೋಡಿದರೆ ಹಾಲಿಗಿಂತ ಬಹಳ ಹೆಚ್ಚು. ಆದರೆ ರಾಗಿಯಲ್ಲಿರುವ ಫೈಟೇಟ್ ಮತ್ತು ಆಕ್ಸಲೇಟ್ ಎಂಬ ಅಂಶಗಳು ಅದರಲ್ಲೊಂದು ಪಾಲನ್ನು ದೇಹಕ್ಕೆ ಸಿಗದಂತೆ ಕಟ್ಟಿಹಾಕುತ್ತವೆ. ಆದ್ದರಿಂದ ಮುದ್ದೆಯೂ ಇರಲಿ, ಮಜ್ಜಿಗೆಯೂ ಇರಲಿ ಎಂಬುದು ನನ್ನ ಪಕ್ಷ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಲ್ಲಿ ಎಷ್ಟೋ ಜನರಿಗೆ ಮೊಸರು ಒಗ್ಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕ ಮಾತ್ರ ಬೇರೆ, ಅವರು ತಮ್ಮ ವೈದ್ಯರು ಹೇಳಿದಂತೆಯೇ ನಡೆಯಬೇಕು.

ಎಚ್ಚರ ಬೇಡವೆಂದಲ್ಲ, ಎಚ್ಚರ ಇರಬೇಕಾದ ಜಾಗ ಬೇರೆ. ಸ್ಟೀರಾಯ್ಡ್ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತದೆ, ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಇನ್ನಷ್ಟು ಸೋರುತ್ತದೆ. ಹಾಗಾಗಿ ನನ್ನ ಮಜ್ಜಿಗೆಗೆ ಈಗ ಉಪ್ಪಿಲ್ಲ, ಶುಂಠಿ ಮತ್ತು ಕರಿಬೇವು ಮಾತ್ರ. ಹುರಿದ ಮಜ್ಜಿಗೆ ಮೆಣಸಿನಕಾಯಿಯ ಆಸೆಯನ್ನು ಬಹಳ ಕಷ್ಟದಿಂದ ಬಿಟ್ಟಿದ್ದೇನೆ. ಬೆಳಿಗ್ಗೆ ನುಂಗಿದ ಮಾತ್ರೆ ಮಧ್ಯಾಹ್ನದಿಂದ ಸಂಜೆಯ ನಡುವೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಜೊತೆಗೆ ಇನ್ನಿಲ್ಲದ ಹಸಿವನ್ನೂ ತರುತ್ತದೆ. ಆ ಹೊತ್ತಿಗೆ ಧಾರವಾಡ ಪೇಡೆಯ ಡಬ್ಬಿ ಕೈಗೆ ಸಿಗದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಹಳ್ಳಿಗೆ ಹೋದಾಗ ಪ್ರೀತಿಯಿಂದ ಕೊಡುವ ನೊರೆಹಾಲನ್ನೂ ನಾನು ಈಗ ಒಲ್ಲೆ ಎನ್ನುತ್ತೇನೆ. ಸ್ಟೀರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ತಗ್ಗಿರುವವರಿಗೆ ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್, ಕ್ಷಯದಂಥ ಸೋಂಕು ತಗಲುವ ಅಪಾಯವಿದೆ. ಚೆನ್ನಾಗಿ ಕಾಯಿಸಿ ಕೊಟ್ಟರೆ ಅದೇ ಹಾಲನ್ನು ಸಂತೋಷದಿಂದ ಕುಡಿಯುತ್ತೇನೆ. ಪಥ್ಯ ಮಾಡಲಾಗದೆ ಮಾತ್ರೆಯನ್ನೇ ತಟ್ಟನೆ ನಿಲ್ಲಿಸಿದವರನ್ನೂ ಕಂಡಿದ್ದೇನೆ. ಕೆಲವು ವಾರಗಳಿಗಿಂತ ಹೆಚ್ಚು ನುಂಗಿದ ಸ್ಟೀರಾಯ್ಡನ್ನು ವೈದ್ಯರು ಹೇಳಿದ ಕ್ರಮದಲ್ಲೇ ಇಳಿಸಬೇಕು, ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಹಾಲನ್ನು ನಿಜಕ್ಕೂ ದೂರವಿಡಬೇಕಾದ ಒಂದು ಹೊತ್ತು ನನ್ನ ವಾರದಲ್ಲಿದೆ. ಮೂಳೆಗೆಂದು ಕೊಟ್ಟಿರುವ ಅಲೆಂಡ್ರೊನೇಟ್ ಮಾತ್ರೆಯನ್ನು ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ನುಂಗಿ, ಮಲಗದೆ ಅರ್ಧ ಗಂಟೆ ಕಾಯಬೇಕು. ಅಷ್ಟು ಹೊತ್ತು ಅಡುಗೆಮನೆಯಿಂದ ಫಿಲ್ಟರ್ ಕಾಫಿಯ ಪರಿಮಳ ಬರುತ್ತಲೇ ಇರುತ್ತದೆ, ನಾನು ಗಡಿಯಾರ ನೋಡುತ್ತಾ ಕೂತಿರುತ್ತೇನೆ.