ಪಾನಾ ಎಲ್ಲಿಂದ ಹಾಕ್ತೀರಿ?

ಬೆಳಗಾವಿ ಟಿಳಕವಾಡಿಯ ನಮ್ಮ ಮನೆ ಕಂಪೌಂಡಿನಲ್ಲಿ ಎರಡು ವರ್ಷದಿಂದ ಒಂದು ಸ್ಪೋರ್ಟ್ಸ್ ಕಾರು ನಿಂತಿದೆ. ಕಾರು ಅಂತ ನಾನು ಅಂತೀನಿ. ಅವ್ವ ಅದನ್ನ ಮಂಚ ಅಂತಾಳೆ. ಸದ್ಯಕ್ಕೆ ಅದು ಬರೀ ಚೌಕ ಪೈಪುಗಳ ಚೌಕಟ್ಟು, ನಾಲ್ಕು ಗಾಲಿ ಅಷ್ಟೇ. ಹೋದ ಬೇಸಿಗೆಯಲ್ಲಿ ಅದರ ಮೇಲೆ ಹಳೇ ಸೀರೆ ಹರಡಿ ಸಂಡಿಗೆ ಒಣಗಿಸಿದ್ದೂ ಆಗಿದೆ, ಚೆನ್ನಾಗಿ ಒಣಗಿದವು.

ಇದೇನೂ ನನ್ನ ಸ್ವಂತ ತಲೆ ಅಲ್ಲ. 1957ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಲೋಟಸ್ ಸೆವೆನ್ ಅಂತ ಒಂದು ಪುಟ್ಟ ಕಾರು ಮಾಡಿದ. ಬಿಡಿ ಭಾಗ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಅಲ್ಲಿ ತೆರಿಗೆ ಉಳೀತಿತ್ತು, ಹಾಗಾಗಿ ಜನ ಶೆಡ್ಡಿನಲ್ಲಿ ಕೂತು ಕಾರು ಕಟ್ಟಿದರು. ಆ ಹುಚ್ಚು ಇನ್ನೂ ಬಿಟ್ಟಿಲ್ಲ, ನನಗೂ ತಗುಲಿತು. ಗುಜರಿಗೆ ಹೊರಟಿದ್ದ ಒಂದು ಮಾರುತಿ ಓಮ್ನಿ ಸಿಕ್ಕಿತು. 796 ಸಿಸಿ ಇಂಜಿನ್ನು, ಉದ್ದಕ್ಕೆ ಕೂತಿರುತ್ತೆ, ಹಿಂದಿನ ಗಾಲಿಗೆ ಜೋರು ಕೊಡುತ್ತೆ. ಇಂಥ ಕಾರಿಗೆ ಬೇಕಾದದ್ದು ಅದೇ. ರೋಡಿಗಂತೂ ಇಳಿಸೋ ಹಾಗಿಲ್ಲ. ಆರ್‌ಸಿಯಲ್ಲಿ ಬರೆದದ್ದು ಒಂದು, ಗಾಡಿ ಇನ್ನೊಂದು ಆಗೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪಲ್ಲ, ಇಲ್ಲಿ ಓಮ್ನಿ ಹೋಗಿ ಓಮ್ನಿಯ ಅಸ್ಥಿಪಂಜರವೂ ಉಳಿದಿಲ್ಲ. ಖಾನಾಪುರ ಕಡೆ ಭಾವನ ಹೊಲ ಇದೆ, ಅಲ್ಲಿ ಓಡಿಸೋದು ಅಂತ ಮಾತಾಗಿದೆ. ಭಾವನಿಗೆ ಇನ್ನೂ ಹೇಳಿಲ್ಲ.

ವೆಲ್ಡಿಂಗ್ ಬರುತ್ತಾ ಅಂತ ಮಾತ್ರ ಕೇಳಬೇಡಿ. ಅಂಟಿಸೋಕೆ ಬರುತ್ತೆ.

ತೊಂದರೆ ಶುರುವಾಗಿದ್ದು ಹಿಂದಿನ ಎಕ್ಸೆಲ್ಲಿನಲ್ಲಿ. ಓಮ್ನಿಯ ಪಟ್ಟಿ ಸ್ಪ್ರಿಂಗ್ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿದ್ದೆ. ಪಟ್ಟಿ ಎಕ್ಸೆಲ್ಲನ್ನ ಅತ್ತಿತ್ತ ಸರಿಯದ ಹಾಗೆ ಹಿಡೀತಿತ್ತು, ಕಾಯಿಲ್ ಹಿಡಿಯಲ್ಲ. ಅದಕ್ಕೆ ಅಡ್ಡಲಾಗಿ ಪ್ಯಾನ್ಹಾರ್ಡ್ ರಾಡ್ ಅಂತ ಒಂದು ಸರಳು. ಒಂದು ತುದಿ ಎಕ್ಸೆಲ್ಲಿಗೆ, ಇನ್ನೊಂದು ಚಾಸಿಗೆ, ಅಂದ್ರೆ ಗಾಡಿಯ ಚೌಕಟ್ಟಿಗೆ. ಚಾಸಿಯ ಕಡೆ 3 ಎಂಎಂ ತಗಡಿನಲ್ಲಿ ಎರಡು ಕಿವಿ ಇರೋ ಬ್ರ್ಯಾಕೆಟ್ ಮಾಡಿ, 25 ಎಂಎಂ ಚೌಕ ಪೈಪಿಗೆ ಅಂಟಿಸಿದೆ. ಮೇಲೆ ಕೆಂಪು ಬಣ್ಣ ಹೊಡೆದೆ. ನೋಡೋಕೆ ಬಹಳ ಚೆಂದ ಇತ್ತು.

ಒಂದು ಭಾನುವಾರ ಓಣಿಯ ಹುಡುಗರು ಅದನ್ನ ಕಂಪೌಂಡಿನಲ್ಲಿ ಸುತ್ತ ತಳ್ಳುತ್ತಿದ್ದರು. ತಿರುಗಿಸಿದಾಗೆಲ್ಲ ಹಿಂದಿನಿಂದ ಟಕ್ ಅಂತ ಸದ್ದು. ಬಗ್ಗಿ ನೋಡಿದರೆ ಬ್ರ್ಯಾಕೆಟ್ಟು ಎಮ್ಮೆ ಕಿವಿಯ ಹಾಗೆ ಅಲ್ಲಾಡ್ತಾ ಇದೆ. ವೆಲ್ಡಿನ ಬುಡದಲ್ಲಿ ಕೆಂಪು ಬಣ್ಣ ಕೂದಲೆಳೆಯಷ್ಟು ಸಣ್ಣಗೆ ಬಿರುಕು ಬಿಟ್ಟಿತ್ತು. ಇನ್ನೂ ಇಂಜಿನ್ನೇ ಕೂತಿಲ್ಲ, ತಳ್ಳಿದವರು ಆರನೇ ಕ್ಲಾಸಿನ ಮೂರು ಹುಡುಗರು!

ಬ್ರ್ಯಾಕೆಟ್ ಕತ್ತರಿಸಿಕೊಂಡು ಉದ್ಯಮಬಾಗಕ್ಕೆ ಓಡಿದೆ. ಅಲ್ಲಿ ಪರಿಚಯದ ಒಬ್ಬ ವೆಲ್ಡರ್ ಕಾಕಾ ಇದ್ದಾರೆ. ಬರಿಗೈಯಲ್ಲಿ ಹೋಗೋದು ಸರಿಯಲ್ಲ ಅಂತ ಅರ್ಧ ಕೆಜಿ ಕುಂದಾ ಒಯ್ದೆ. ಕಾಕಾ ಬ್ರ್ಯಾಕೆಟ್ಟನ್ನ ತಿರುಗಿಸಿ ನೋಡಿದರು, ನನ್ನನ್ನೂ ನೋಡಿದರು, ಆಮೇಲೆ ಕುಂದಾ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಖಾಲಿ ರಟ್ಟಿನ ಡಬ್ಬಿ ಎತ್ತಿ ಹಿಡಿದರು. ಮುಚ್ಚಳ ತೆಗೆದು ಪಕ್ಕದಿಂದ ಒತ್ತಿದರು, ಡಬ್ಬಿ ಪಕ್ಕಕ್ಕೆ ವಾಲಿತು. ಮುಚ್ಚಳ ಹಾಕಿ, ಸುತ್ತ ಟೇಪ್ ಹಚ್ಚಿ, ಮತ್ತೆ ಒತ್ತಿದರು. ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ.

"ತಿಳೀತಿಲ್ರಿ ಸರ? ನಿಮ್ಮ ಬ್ರ್ಯಾಕೆಟ್ಟಿಗೆ ಬೆನ್ನs ಇಲ್ಲ. ಹಿಂದ ಒಂದ ಪಟ್ಟಿ ಹಾಕಿ ಮುಚ್ರಿ. ಮತ್ತ ಪೈಪಿನ ನಡು ಹೊಟ್ಟಿ ಮ್ಯಾಲ ಕೂಡಿಸಬ್ಯಾಡ್ರಿ, ತಗಡ ತೆಳ್ಳಗ ಇರತೈತಿ, ಹಲಗಿ ಬಡದಂಗ ಒಳಗ ಹೊರಗ ಆಗತೈತಿ. ಅಂಚಿಗೆ ಬರೂ ಹಂಗ ಇಡ್ರಿ."

ಇಷ್ಟು ಸರಳ. ಇಷ್ಟನ್ನೇ ಮಾಡಿದ್ದರೆ ಈ ಬರಹ ಇಲ್ಲಿಗೇ ಮುಗೀತಿತ್ತು.

ಮನೆಗೆ ಬಂದು ಬ್ರ್ಯಾಕೆಟ್ಟನ್ನ ಅಂಚಿಗೆ ಕೂರಿಸಿ ಬೆನ್ನಿಗೆ ಪಟ್ಟಿ ಹಾಕಿದೆ. ಪೈಪಿನ ಗೋಡೆ 1.6 ಎಂಎಂ, ಕರೆಂಟು ಜಾಸ್ತಿ ಇಟ್ಟಿದ್ದೆ, ತೂತು ಬಿತ್ತು. ತೂತು ಮುಚ್ಚೋಕೆ ಹೋದೆ, ದೊಡ್ಡದಾಯ್ತು. ಅದಕ್ಕೊಂದು ತೇಪೆ. ಕಾಕಾ ಇನ್ನೊಂದು ಮಾತು ಹೇಳಿದ್ದರು: ವೆಲ್ಡು ಆರುವಾಗ ಲೋಹ ಎಳೆಯುತ್ತೆ, ಕಿವಿಗಳು ಒಳಗೆ ಬಾಗ್ತವೆ, ನಡುವೆ ಅಳತೆಯ ಕಬ್ಬಿಣದ ತುಂಡು ಇಟ್ಟು ಬೋಲ್ಟು ಬಿಗಿದುಕೋ ಅಂತ. ತುಂಡು ಹುಡುಕೋಕೆ ಬೇಜಾರಾಗಿ, ಹೇಗೂ ಅಳತೆ ಒಂದೇ ಅಲ್ವಾ ಅಂತ, ರಾಡಿನ ರಬ್ಬರ್ ಬುಶ್ಶನ್ನೇ ನಡುವೆ ಇಟ್ಟೆ. ಹೊಸಾ ಬುಶ್ಶು.

ಎರಡು ನಿಮಿಷಕ್ಕೆ ಒಳಗಿನಿಂದ ಅವ್ವ ಕೂಗಿದಳು. "ಯಾರ ಮನ್ಯಾಗ ಟಾಯರ್ ಸುಡಾಕತ್ತಾರೋ?"

"ನಮ್ಮ ಮನ್ಯಾಗ" ಅಂದೆ.

ಬುಶ್ಶು ಹೋಯ್ತು, ಕಿವಿಗಳು ಬಾಗಿದವು. ಅವನ್ನ ಸುತ್ತಿಗೆಯಲ್ಲಿ ಅಗಲಿಸಿದೆ. ಈ ಸಿಟ್ಟಿನಲ್ಲಿ ಇನ್ನು ಎಂದೂ ಅಲ್ಲಾಡಬಾರದು ಅಂತ ಎರಡೂ ಕಿವಿಗಳ ಹೊರಮೈಗೆ ಎರಡೆರಡು ತ್ರಿಕೋನದ ತುಂಡು ಸೇರಿಸಿದೆ. ತೂಕ ಕಡಿಮೆ ಮಾಡೋದೇ ಚಾಪ್‌ಮನ್‌ನ ವ್ರತ. ನನ್ನ ಬ್ರ್ಯಾಕೆಟ್ಟು ಈಗ ಕಂಬಕ್ಕೆ ಎಮ್ಮೆ ಕಟ್ಟೋಕೂ ಆಗೋ ಹಾಗಿತ್ತು. ಆ ರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ, ಟ್ಯಾಕ್, ಅಂದ್ರೆ ಚುಕ್ಕಿ ವೆಲ್ಡು ಹಾಕುವಾಗ ಸುಮ್ನೆ ಒಂದೆರಡು ಸಲ ಗಾಜು ಎತ್ತಿ ನೋಡಿದ್ದರ ಫಲ. ನಮ್ಮನೆಯವಳು ಕಣ್ಣಿಗೆ ಒದ್ದೆ ಬಟ್ಟೆ ಇಟ್ಟಳು, ಒಂದೂ ಮಾತಾಡಲಿಲ್ಲ. ಅದು ಬೈದದ್ದಕ್ಕಿಂತ ಜಾಸ್ತಿ ಆಯ್ತು.

ಮುಂದಿನ ವಾರ ಕಾಕಾ ತಾವಾಗಿಯೇ ನೋಡೋಕೆ ಬಂದರು. ನಾನು ಹೆಮ್ಮೆಯಿಂದ ಗಾಡಿ ಅಲ್ಲಾಡಿಸಿ ತೋರಿಸಿದೆ. ಟಕ್ ಇಲ್ಲ, ಗಿಕ್ ಇಲ್ಲ. ಕಾಕಾ ನೆಲಕ್ಕೆ ಕೂತು ಬ್ರ್ಯಾಕೆಟ್ಟಿನ ಸುತ್ತ ಬೆರಳಾಡಿಸಿ, ಬೋಲ್ಟಿನ ತೂತಿನ ಹತ್ತಿರ ನಿಲ್ಲಿಸಿದರು.

"ಭಾಳ ಗಟ್ಟಿ ಆಗೇತಿ. ಪಾನಾ ಎಲ್ಲಿಂದ ಹಾಕ್ತೀರಿ?"

ಪಾನಾ ಅಂದ್ರೆ ಸ್ಪ್ಯಾನರ್ರು. ಹತ್ತೊಂಬತ್ತು ನಂಬರಿಂದು ತಂದೆ. ತ್ರಿಕೋನ ಅಡ್ಡ ಬಂತು. ರಿಂಗ್ ಪಾನಾ ಕೂರಲೇ ಇಲ್ಲ, ಬಾಕ್ಸ್ ಪಾನಾ ನಟ್ಟಿನ ತಲೆಯನ್ನೂ ಮುಟ್ಟಲಿಲ್ಲ. ನಟ್ಟನ್ನ ಬೆರಳಲ್ಲಿ ಎಷ್ಟು ತಿರುಗಿಸೋಕಾಗುತ್ತೋ ಅಷ್ಟೇ. ಅಲ್ಲಿಯವರೆಗೆ ರಾಡು ಬೆರಳಿನ ಬಿಗಿಯಲ್ಲೇ ನಿಂತಿತ್ತು ಅಂತ ಆಗ ಗೊತ್ತಾಯ್ತು.

ಕಾಕಾ ಗ್ರೈಂಡರ್ ಕೇಳಿ ಇಸಿದುಕೊಂಡರು. ನಾಲ್ಕೂ ತ್ರಿಕೋನ ಉದುರಿದವು, ಬೆನ್ನಿನ ಪಟ್ಟಿ ಮಾತ್ರ ಉಳೀತು. ನನ್ನ ತೂತಿನ ತೇಪೆಯನ್ನೂ ಕೆತ್ತಿ ತೆಗೆದು ಸಣ್ಣ ಕರೆಂಟಿನಲ್ಲಿ, ಚುಕ್ಕಿ ಚುಕ್ಕಿ ಇಟ್ಟ ಹಾಗೆ, ಮತ್ತೆ ತುಂಬಿದರು. ಹುಡುಗರು ಬಂದು ಗಾಡಿ ತಳ್ಳಿದರು. ಸದ್ದಿಲ್ಲ.

ಅವ್ವ ಚಹಾ ತಂದಳು. ಕಾಕಾ ಚಾಸಿಯ ಮುಂದಿನ ಬ್ರ್ಯಾಕೆಟ್ಟುಗಳ ಕಡೆ ಒಂದು ಸಲ ಕಣ್ಣು ಹಾಯಿಸಿದರು. ಅವೂ ನಾನೇ ಅಂಟಿಸಿದ್ದು, ಎಂಟು ಇವೆ.

"ಸರ, ಮುಂದಿನ ಸಲ ಬರುವಾಗ ಕುಂದಾ ಎರಡ ಕೆಜಿ ತರ್ರಿ" ಅಂದರು. "ಡಬ್ಬಿ ಭಾಳ ಬೇಕಾಗತಾವ."